ಸ್ವಭಾವದ ಪ್ರಶ್ನಾವಳಿಯೂ ನಂಬಿಕೆಯೂ

ಮನಸ್ಸಿನ ಭಾರವನ್ನು ಇನ್ನೊಬ್ಬರೆದುರು ಇಳಿಸುವುದು ಸುಲಭದ ಮಾತಲ್ಲ. ನೆಂಟರೊಡನೆ ಹೇಳಿದರೆ ಸುದ್ದಿ ಊರು ಸುತ್ತಿ ಬರುತ್ತದೆ. ನೆರೆಹೊರೆಯವರೊಡನೆ ಹೇಳಿದರೆ ಅವರ ಕಣ್ಣಿನಲ್ಲಿ ನಾವು ಹಗುರಾಗುತ್ತೇವೆ. ಯಾರೊಡನೆಯೂ ಹೇಳದಿದ್ದರೆ ಒಳಗೊಳಗೇ ಬೇಯಬೇಕು. ಈ ಇಕ್ಕಟ್ಟು ಎಲ್ಲ ದೇಶಗಳ ಗೃಹಸ್ಥರಿಗೂ ಗೃಹಿಣಿಯರಿಗೂ ಉಂಟು. ಅಮೆರಿಕೆಯ ಕ್ರೈಸ್ತಸಭೆಗಳಲ್ಲಿ ಇದಕ್ಕಾಗಿ ಈಚಿನ ಎರಡು ಮೂರು ದಶಕಗಳಲ್ಲಿ ಹೊಸದೊಂದು ವೃತ್ತಿಯೇ ಬೆಳೆದಿದೆ. ಅದನ್ನು ನಡೆಸುವವರಿಗೆ ಅಲ್ಲಿ ಲೈಫ್ ಕೋಚ್ ಎಂದು ಹೆಸರು. ನಾವು ಜೀವನ ಮಾರ್ಗದರ್ಶಿ ಎನ್ನಬಹುದು.

ಕೋಚ್ ಎಂಬ ಪದದ ಹಿಂದೆ ಒಂದು ಸ್ವಾರಸ್ಯವಿದೆ. ಹಂಗೇರಿ ದೇಶದಲ್ಲಿ ಅದೇ ಹೆಸರಿನ ಹಳ್ಳಿಯೊಂದುಂಟು. ಅಲ್ಲಿ ತಯಾರಾಗುತ್ತಿದ್ದ ಕುದುರೆಗಾಡಿಗೆ ಊರಿನ ಹೆಸರೇ ಅಂಟಿಕೊಂಡು ಯೂರೋಪಿನಲ್ಲೆಲ್ಲ ಹಬ್ಬಿತು. ನಮ್ಮ ರೈಲಿನ ಕೋಚೂ ಅದೇ ವಂಶದ್ದು. ೧೮೩೦ರ ಸುಮಾರಿಗೆ ಆಕ್ಸ್‌ಫರ್ಡಿನ ವಿದ್ಯಾರ್ಥಿಗಳು, ತಮ್ಮನ್ನು ಪರೀಕ್ಷೆಯೆಂಬ ಊರಿಗೆ ಹೊತ್ತುಕೊಂಡು ಹೋಗಿ ಮುಟ್ಟಿಸುವ ಖಾಸಗಿ ಉಪಾಧ್ಯಾಯನನ್ನು ಹಾಸ್ಯಕ್ಕಾಗಿ ಕೋಚ್ ಎಂದು ಕರೆದರು. ಆಮೇಲೆ ಅದು ಆಟದ ಮೈದಾನಕ್ಕೆ ಬಂದು, ಈಗ ಸಂಸಾರದೊಳಕ್ಕೂ ಕಾಲಿಟ್ಟಿದೆ. ೧೯೯೫ರಲ್ಲಿ ಈ ವೃತ್ತಿಯವರ ಅಂತರರಾಷ್ಟ್ರೀಯ ಒಕ್ಕೂಟವೊಂದು ಸ್ಥಾಪಿತವಾಯಿತು. ಗ್ಯಾರಿ ಕಾಲಿನ್ಸ್ ಎಂಬ ಮನಶ್ಶಾಸ್ತ್ರಜ್ಞರು ೨೦೦೧ರಲ್ಲಿ ‘ಕ್ರಿಶ್ಚಿಯನ್ ಕೋಚಿಂಗ್’ ಎಂಬ ಪುಸ್ತಕವನ್ನು ಬರೆದು, ಇದಕ್ಕೆ ಕ್ರೈಸ್ತಸಭೆಯೊಳಗೂ ಒಂದು ಸ್ಥಾನವುಂಟೆಂದು ವಾದಿಸಿದರು.

ಮಾರ್ಗದರ್ಶಿಯು ಪಾದ್ರಿಯಲ್ಲ, ವೈದ್ಯನೂ ಅಲ್ಲ. ಕೆಲಸ ಬಿಡಬೇಕೆ, ಮುದಿತನದಲ್ಲಿ ಏನು ಮಾಡಬೇಕು, ಮಕ್ಕಳೆಲ್ಲ ದೂರ ಹೋದ ಮೇಲೆ ಈ ಮನೆಯನ್ನು ಏನು ಮಾಡುವುದು, ದೇವರು ತನ್ನನ್ನು ಯಾವ ಸೇವೆಗೆ ಕರೆದಿದ್ದಾನೆ — ಇಂಥ ಪ್ರಶ್ನೆಗಳನ್ನು ಹೊತ್ತು ಬಂದವರ ಜೊತೆ ವಾರಕ್ಕೋ ಪಕ್ಷಕ್ಕೋ ಒಂದು ಸಲ ಕುಳಿತು ಮಾತನಾಡುವುದು ಅವನ ಕೆಲಸ. ಈಚೆಗೆ ಎಷ್ಟೋ ಮಂದಿ ಎದುರಿಗೆ ಕುಳಿತುಕೊಳ್ಳುವುದೂ ಇಲ್ಲ. ಗಣಕಯಂತ್ರದ ತೆರೆಯ ಮೇಲೆಯೇ ಮುಖ ಕಂಡು ಮಾತನಾಡುತ್ತಾರೆ. ಇಬ್ಬರೂ ಅಪರಿಚಿತರು. ಹಾಗಿರುವಾಗ ಮನೆಯ ಮಾತನ್ನು ಬಿಚ್ಚಿಡಬೇಕಾದರೆ ಮೊದಲು ನಂಬಿಕೆ ಹುಟ್ಟಬೇಕಷ್ಟೆ. (ನಂಬಿಕೆ ಎಂದರೆ ಇಲ್ಲಿ ಮನುಷ್ಯನು ಮನುಷ್ಯನ ಮೇಲೆ ಇಡುವ ಭರವಸೆ, ದೇವರ ಮೇಲಣ ನಂಬಿಕೆ ಬೇರೆಯ ಮಾತು.) ಅದನ್ನು ಬೇಗ ಹುಟ್ಟಿಸುವ ಉಪಾಯವೆಂದು ಅನೇಕ ಮಾರ್ಗದರ್ಶಿಗಳು ಮೊದಲ ಭೇಟಿಗೆ ಮುಂಚೆಯೇ ಒಂದು ಪ್ರಶ್ನಾವಳಿಯನ್ನು ಕಳುಹಿಸಿ ತುಂಬಿಸಿಕೊಳ್ಳುತ್ತಾರೆ. ಅದೇ ಸ್ವಭಾವ ಪರೀಕ್ಷೆ. ಈ ಉಪಾಯದಲ್ಲಿ ಎಷ್ಟು ಹುರುಳಿದೆ, ಎಷ್ಟು ಅಪಾಯವಿದೆ ಎಂಬುದನ್ನು ವಾಚಕರ ಮುಂದಿಡಬೇಕೆಂದು ನಮ್ಮ ಆಶೆ.

ಜನರ ಸ್ವಭಾವವನ್ನು ವಿಂಗಡಿಸಿ ನೋಡುವುದು ಕ್ರೈಸ್ತ ಪರಂಪರೆಗೆ ಹೊಸದೇನೂ ಅಲ್ಲ. ೫೯೦ರಲ್ಲಿ ಪೋಪ್ ಪದವಿಗೆ ಬಂದ ಒಂದನೆಯ ಗ್ರೆಗರಿಯವರು ಆ ಕಾಲದಲ್ಲಿಯೇ ಸಭಾಪಾಲಕರಿಗಾಗಿ ಒಂದು ಕೈಪಿಡಿಯನ್ನು ಬರೆದರು. ಮುಂದೆ ಇಂಗ್ಲೆಂಡಿನ ಆಲ್ಫ್ರೆಡ್ ದೊರೆ ಇದನ್ನು ತನ್ನ ಜನರ ಭಾಷೆಗೆ ತಿರುಗಿಸಿದನು. ಅದರ ಮೂರನೆಯ ಭಾಗವು ಓದಲು ಬಹು ರಂಜಕವಾಗಿದೆ. ಮಾತು ಕಡಮೆಯವರು, ಮಾತುಗಾರರು, ಸೋಮಾರಿಗಳು, ಆತುರಗಾರರು, ಸಾಧುಗಳು, ಮುಂಗೋಪಿಗಳು, ಸಂತೋಷದವರು, ದುಃಖಿಗಳು — ಹೀಗೆ ಜೋಡಿ ಜೋಡಿಯಾಗಿ ಮೂವತ್ತಕ್ಕೂ ಹೆಚ್ಚು ಬಗೆಯವರನ್ನು ನಿಲ್ಲಿಸಿ, ಯಾರಿಗೆ ಯಾವ ಧಾಟಿಯಲ್ಲಿ ಬುದ್ಧಿ ಹೇಳಬೇಕೆಂದು ವಿವರಿಸಿದ್ದಾರೆ. ಒಬ್ಬರಿಗೆ ಹಿತವಾದ ಮಾತೇ ಇನ್ನೊಬ್ಬರನ್ನು ಕೆಡಿಸೀತೆಂಬುದು ಅವರ ಅಭಿಪ್ರಾಯ. ಗಮನಿಸತಕ್ಕ ಅಂಶವೆಂದರೆ, ಅಲ್ಲಿ ವಿಂಗಡಣೆಯಿಂದ ತಿದ್ದಿಕೊಳ್ಳಬೇಕಾದವನು ಮೊದಲಿಗೆ ಬುದ್ಧಿ ಹೇಳುವವನೇ. ಎದುರಿನವನ ಸ್ವಭಾವಕ್ಕೆ ತಕ್ಕಂತೆ ಅವನು ತನ್ನ ನಾಲಗೆಯನ್ನು ಹದಗೊಳಿಸಿಕೊಳ್ಳಬೇಕು.

ಇನ್ನೊಂದು ಧಾರೆಯು ವೈದ್ಯಶಾಸ್ತ್ರದಿಂದ ಬಂದುದು. ವಾತ, ಪಿತ್ತ, ಕಫಗಳ ಲೆಕ್ಕವನ್ನು ಅಜ್ಜಿಯರ ಬಾಯಿಂದ ಕೇಳಿದ ನಮ್ಮವರಿಗೆ ಇದು ಬೇಗ ಅರ್ಥವಾದೀತು. ಗ್ರೀಕ್ ವೈದ್ಯರು ದೇಹದಲ್ಲಿ ರಕ್ತ, ಹಳದಿ ಪಿತ್ತ, ಕರಿ ಪಿತ್ತ, ಕಫವೆಂಬ ನಾಲ್ಕು ರಸಗಳನ್ನು ಎಣಿಸಿದರು. ಗ್ಯಾಲೆನನ ಕಾಲದಿಂದ ಮುಂದೆ ಅವುಗಳಿಗೆ ಸರಿಯಾಗಿ ಉಲ್ಲಾಸಿ, ಕೋಪಿಷ್ಠ, ವಿಷಾದಿ, ಮಂದ ಎಂಬ ನಾಲ್ಕು ಸ್ವಭಾವಗಳು ರೂಢಿಯಾದವು. ವೈದ್ಯಶಾಸ್ತ್ರವು ಆ ರಸಗಳನ್ನು ಎಂದೋ ಕೈಬಿಟ್ಟರೂ ಸ್ವಭಾವಗಳು ಮಾತ್ರ ಉಳಿದುಕೊಂಡವು. ನಾರ್ವೆಯ ದೈವಶಾಸ್ತ್ರಜ್ಞ ಹಾಲೆಸ್ಬಿಯವರು ಅವುಗಳ ಮೇಲೆ ಪುಸ್ತಕ ಬರೆದರು. ಅಮೆರಿಕೆಯ ಪಾದ್ರಿ ಟಿಮ್ ಲಹೇ ೧೯೬೬ರಲ್ಲಿ ಅದೇ ದಾರಿಯಲ್ಲಿ ಬರೆದ ಪುಸ್ತಕವು ಮನೆಮನೆಗಳನ್ನು ಹೊಕ್ಕಿತು. ಹುಟ್ಟು ಸ್ವಭಾವದ ಕುಂದುಗಳನ್ನು ಪವಿತ್ರಾತ್ಮನು ತಿದ್ದುತ್ತಾನೆಂಬುದು ಅದರ ತಿರುಳು.

ಇಂದು ಚಲಾವಣೆಯಲ್ಲಿರುವ ಪ್ರಶ್ನಾವಳಿಗಳ ಹುಟ್ಟು ಇನ್ನೂ ವಿಚಿತ್ರವಾಗಿದೆ. ಮಾರ್ಗದರ್ಶಿಗಳಿಗೆ ಬಹು ಪ್ರಿಯವಾದ ‘ಡಿಸ್ಕ್’ ಎಂಬುದರ ಬೇರು ವಿಲಿಯಂ ಮಾರ್ಸ್ಟನ್ ಎಂಬ ಮನಶ್ಶಾಸ್ತ್ರಜ್ಞನು ೧೯೨೮ರಲ್ಲಿ ಬರೆದ ಗ್ರಂಥದಲ್ಲಿದೆ. ಮುನ್ನುಗ್ಗಿ ಗೆಲ್ಲುವುದು, ಒಲಿಸಿಕೊಳ್ಳುವುದು, ಮನಃಪೂರ್ವಕವಾಗಿ ಒಪ್ಪಿ ನಡೆಯುವುದು, ಅಂಜಿಕೆಯಿಂದ ಕಟ್ಟಳೆಗೆ ಹೊಂದಿಕೊಳ್ಳುವುದು — ಮನುಷ್ಯನ ನಡತೆಯಲ್ಲಿ ಆತನು ಕಂಡದ್ದು ಈ ನಾಲ್ಕು ಬಗೆ. ಪರೀಕ್ಷೆಯ ಕಾಗದವನ್ನು ಆತನು ಮಾಡಲಿಲ್ಲ. ಅದನ್ನು ಮಾಡಿದವರು ಅವನ ತರುವಾಯದವರು. ಮಾರ್ಸ್ಟನ್ನನು ರಕ್ತದ ಒತ್ತಡವನ್ನು ಅಳೆದು ಸುಳ್ಳನ್ನು ಹಿಡಿಯಲು ಹವಣಿಸಿದವನು. ೧೯೪೧ರಲ್ಲಿ ಚಿತ್ರಕಥೆಗಳ ‘ವಂಡರ್ ವುಮನ್’ ಎಂಬ ವೀರವನಿತೆಯನ್ನು ಸೃಷ್ಟಿಸಿದವನೂ ಅವನೇ! ಡಿಸ್ಕ್ ಪತ್ರಿಕೆಯಲ್ಲಿ ಸಾಮಾನ್ಯವಾಗಿ ನಾಲ್ಕು ನಾಲ್ಕು ಪದಗಳ ಗುಂಪುಗಳಿರುತ್ತವೆ. ಪ್ರತಿ ಗುಂಪಿನಲ್ಲಿಯೂ ತನಗೆ ಅತಿ ಹೆಚ್ಚಾಗಿ ಒಪ್ಪುವುದಕ್ಕೊಂದು, ಅತಿ ಕಡಮೆ ಒಪ್ಪುವುದಕ್ಕೊಂದು ಗುರುತು ಹಾಕಬೇಕು.

ಇನ್ನೊಂದು ಪ್ರಸಿದ್ಧ ಪರೀಕ್ಷೆಯನ್ನು ಕಟ್ಟಿದವರು ತಾಯಿ ಮಗಳು: ಕ್ಯಾಥರೀನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್. ಇಬ್ಬರೂ ಮನಶ್ಶಾಸ್ತ್ರವನ್ನು ಕಾಲೇಜಿನಲ್ಲಿ ಕಲಿತವರಲ್ಲ. ಯೂಂಗ್ ಎಂಬ ಸ್ವಿಸ್ ಪಂಡಿತನು ೧೯೨೧ರಲ್ಲಿ ಪ್ರಕಟಿಸಿದ ಗ್ರಂಥವನ್ನು ತಾವೇ ಓದಿ, ಎರಡನೆಯ ಮಹಾಯುದ್ಧದ ಕಾಲದಲ್ಲಿ ಪ್ರಶ್ನೆಗಳನ್ನು ರಚಿಸಿ, ಮನುಷ್ಯರನ್ನು ಹದಿನಾರು ಬಗೆಯಾಗಿ ವಿಂಗಡಿಸಿದರು. ಮಗಳು ಅದಕ್ಕೆ ಮುಂಚೆ ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಪಡೆದಿದ್ದಳೆಂಬುದನ್ನು ಕೇಳಿದರೆ ನಮ್ಮ ವಾಚಕಿಯರು ಸಂತೋಷಪಟ್ಟಾರು.

ಈ ಕಾಗದದಿಂದ ನಂಬಿಕೆ ಹುಟ್ಟುವುದಾದರೂ ಹೇಗೆ? ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಓಹಾಯೋ ಪ್ರಾಂತದ ಒಂದು ಸಣ್ಣ ಪಟ್ಟಣದಲ್ಲಿ ಐವತ್ತೈದು ವಯಸ್ಸಿನ ಗೃಹಿಣಿಯೊಬ್ಬಳಿದ್ದಾಳೆ. ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಸಭೆಯವರು ಭಾನುವಾರದ ಶಾಲೆಯ ಆಡಳಿತವನ್ನೆಲ್ಲ ಆಕೆಯೇ ವಹಿಸಬೇಕೆಂದು ಕೇಳಿದ್ದಾರೆ. ಆಕೆಗೆ ಮನಸ್ಸಿಲ್ಲ, ಆದರೆ ಒಲ್ಲೆನೆಂದು ಹೇಳಲು ಬಾಯಿ ಬಾರದು. ಒಲ್ಲೆನೆಂದರೆ ದೇವರ ಕರೆಯನ್ನೇ ತಳ್ಳಿದಂತಾಗುವುದೋ ಏನೋ ಎಂಬ ಭಯ ಬೇರೆ. ಮಾರ್ಗದರ್ಶಿಯ ಮುಂದೆ ಕುಳಿತ ಮೊದಲ ಅರ್ಧ ಗಂಟೆಯಲ್ಲಿ ಆಕೆ ಹವೆಯ ವಿಷಯವನ್ನೂ ಮೊಮ್ಮಕ್ಕಳ ವಿಷಯವನ್ನೂ ಹೇಳುವಳೇ ಹೊರತು ಇದೊಂದನ್ನು ಹೇಳಲಾರಳು.

ಈಗ ನಡುವೆ ಕಾಗದ ಬಂದಿತೆನ್ನಿರಿ. ಅದರಲ್ಲಿ, ಈಕೆ ಇತರರೊಡನೆ ವಿರೋಧ ಕಟ್ಟಿಕೊಳ್ಳಲು ಹಿಂಜರಿಯುವ ಸ್ವಭಾವದವಳು ಎಂದಿದೆ. ಅವಿವೇಕಿಯಾದ ಮಾರ್ಗದರ್ಶಿಯಾದರೆ ಅದನ್ನು ಓದಿ ಹೇಳಿ, ಅಂಥ ಸ್ವಭಾವದವರು ಹೀಗೆ ಹೀಗೆ ನಡೆಯಬೇಕೆಂದು ಉಪದೇಶ ತೊಡಗುತ್ತಾನೆ. ವಿವೇಕಿಯಾದವನು ಕಾಗದವನ್ನು ಆಕೆಯ ಕಡೆಗೆ ತಿರುಗಿಸಿ, “ಇದು ನಿಮ್ಮ ವಿಷಯದಲ್ಲಿ ಸರಿಯೆ? ಎಲ್ಲಿ ಸರಿಯಲ್ಲ?” ಎಂದು ಕೇಳಿ ಸುಮ್ಮನಾಗುತ್ತಾನೆ. ಆಕೆ ಸ್ವಲ್ಪ ಹೊತ್ತು ನೋಡಿ, “ಮನೆಯಲ್ಲಿ ನಾನು ಹಾಗಲ್ಲ. ನನ್ನ ಯಜಮಾನರನ್ನು ಕೇಳಿರಿ! ಸಭೆಯ ಹಿರಿಯರ ಮುಂದೆ ಮಾತ್ರ ಹೀಗೆ” ಎನ್ನುತ್ತಾಳೆ. ಆ ‘ಅಲ್ಲ’ ಎಂಬ ಮಾತಿಗೆ ಬೆಲೆ ಕಟ್ಟಲಾಗದು. ತನ್ನ ಮೇಲೆ ಬರೆದುದನ್ನು ತಾನು ಅಲ್ಲಗಳೆಯಬಹುದು, ಅಲ್ಲಗಳೆದರೂ ಎದುರಿನವರು ಬೇಸರಪಡುವುದಿಲ್ಲ ಎಂಬುದು ಆಕೆಗೆ ಆ ಕ್ಷಣದಲ್ಲಿ ತಿಳಿಯಿತು. ಹಿರಿಯರ ಮಾತೇಕೆ ಬಂತೆಂಬ ಪ್ರಶ್ನೆ ತಾನಾಗಿ ಮುಂದೆ ಬರುತ್ತದೆ. ಭಾನುವಾರದ ಶಾಲೆಯೂ ಅದರ ಬೆನ್ನಿಗೇ ಬರುತ್ತದೆ.

ತನ್ನ ವಿಷಯವನ್ನು ನೇರವಾಗಿ ಹೇಳಿಕೊಳ್ಳಲು ನಾಚುವವರು ಕಾಗದದ ವಿಷಯವನ್ನು ನಾಚದೆ ಮಾತನಾಡುತ್ತಾರೆ. ನಮ್ಮ ಹೆಂಗಸರು ಕೈಯಲ್ಲಿ ಅವರೆಕಾಯಿ ಸುಲಿಯುತ್ತ ಎಂಥ ಕಷ್ಟದ ಸಂಗತಿಯನ್ನಾದರೂ ಆಡಿಬಿಡುವುದಿಲ್ಲವೆ? ಕಣ್ಣಿಗೂ ಕೈಗೂ ಬೇರೊಂದು ಆಸರೆಯಿದ್ದರೆ ಬಾಯಿ ಸಡಿಲವಾಗುತ್ತದೆ. ಪ್ರಶ್ನಾವಳಿಯು ಮಾಡುವ ಉಪಕಾರದಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ ಎಂದು ನಮ್ಮ ತಿಳಿವಳಿಕೆ. ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಾವೇ ತುಂಬಿದ ಕಾಗದವನ್ನು ಮೊದಲು ಮುಂದಿಟ್ಟು, “ನಾನು ಆತುರಗಾರ, ನಿಮ್ಮ ಮಾತಿನ ನಡುವೆ ಬಾಯಿ ಹಾಕಿದರೆ ತಡೆಯಿರಿ” ಎಂದು ತಮ್ಮ ಕುಂದನ್ನು ತಾವೇ ಹೇಳಿಕೊಳ್ಳುತ್ತಾರೆ. ಪರೀಕ್ಷೆಗೆ ಒಬ್ಬರೇ ಗುರಿಯಾಗಿ ಇನ್ನೊಬ್ಬರು ನ್ಯಾಯಾಧೀಶರಂತೆ ಕುಳಿತಿದ್ದರೆ ಅಲ್ಲಿ ಅಂಜಿಕೆ ಹುಟ್ಟೀತೇ ವಿನಾ ನಂಬಿಕೆ ಹುಟ್ಟದು.

ಆದರೆ ಬೇರೊಂದು ಬಗೆಯ ನಂಬಿಕೆಯೂ ಈ ಕಾಗದದಿಂದ ಹುಟ್ಟುತ್ತದೆ. ಅದನ್ನು ಕುರಿತು ಎಚ್ಚರ ಹೇಳುವುದು ಅವಶ್ಯ. “ಅಯ್ಯೋ, ನನ್ನ ಮನಸ್ಸಿನೊಳಗೆ ಕುಳಿತು ಬರೆದಂತಿದೆಯಲ್ಲ!” ಎಂಬ ವಿಸ್ಮಯವೇ ಅದು. ೧೯೪೮ರಲ್ಲಿ ಬರ್ಟ್ರಮ್ ಫೋರರ್ ಎಂಬ ಅಧ್ಯಾಪಕನು ತನ್ನ ೩೯ ವಿದ್ಯಾರ್ಥಿಗಳಿಗೆ ಒಂದು ಸ್ವಭಾವ ಪರೀಕ್ಷೆಯನ್ನು ಕೊಟ್ಟನು. ಒಂದು ವಾರದ ಮೇಲೆ ಒಬ್ಬೊಬ್ಬರಿಗೂ ಅವರವರ ಸ್ವಭಾವದ ವರ್ಣನೆಯೆಂದು ಒಂದೊಂದು ಕಾಗದವನ್ನು ಹಂಚಿ, ಎಷ್ಟು ಸರಿಯಾಗಿದೆಯೆಂದು ಸೊನ್ನೆಯಿಂದ ಐದರವರೆಗೆ ಅಂಕ ಹಾಕಲು ಹೇಳಿದನು. ಸರಾಸರಿ ಅಂಕ ನಾಲ್ಕಕ್ಕೂ ಮೀರಿತು. ಆಮೇಲೆ ಗುಟ್ಟು ಬಯಲಾಯಿತು: ಎಲ್ಲರಿಗೂ ಕೊಟ್ಟದ್ದು ಒಂದೇ ವರ್ಣನೆ, ಅದರ ಬಹುಭಾಗವನ್ನು ಅಂಗಡಿಯಲ್ಲಿ ಮಾರುವ ಜ್ಯೋತಿಷ್ಯದ ಪುಸ್ತಕವೊಂದರಿಂದ ಆಯ್ದಿದ್ದನು! ಇತರರು ತನ್ನನ್ನು ಮೆಚ್ಚಬೇಕೆಂಬ ಬಯಕೆಯುಂಟು, ತನ್ನನ್ನು ತಾನೇ ಹಳಿದುಕೊಳ್ಳುವ ಅಭ್ಯಾಸವುಂಟು ಎಂಬಂಥ, ಯಾರಿಗೆ ತೊಡಿಸಿದರೂ ಒಪ್ಪುವ ಮಾತುಗಳು ಅವು. ಬೀದಿಯಲ್ಲಿ ಗಿಣಿಯಿಂದ ಚೀಟಿ ತೆಗೆಸುವವರ ವ್ಯಾಪಾರವೂ ಇದೇ ಬಂಡವಾಳದ ಮೇಲೆ ನಡೆಯುತ್ತದೆಯಲ್ಲವೆ? ಗಿಣಿಯ ಮುಂದೆ ಕುಳಿತವನು ಕಳೆದುಕೊಳ್ಳುವುದು ಕೆಲವೇ ರೂಪಾಯಿ. ಮಾರ್ಗದರ್ಶಿಯ ಮುಂದೆ ಹಾಗೆ ಬೆರಗಾದವರು ಅವನ ಮಾತನ್ನು ನಂಬಿ ಕೆಲಸ ಬಿಟ್ಟಾರು, ಮನೆ ಮಾರಿಯಾರು.

ಹದಿನಾರು ಬಗೆಗಳ ಪರೀಕ್ಷೆಯನ್ನು ಕೆಲವು ವಾರಗಳ ಮೇಲೆ ಮತ್ತೆ ತೆಗೆದುಕೊಂಡವರಲ್ಲಿ ಬಹು ಮಂದಿ ಬೇರೊಂದು ಬಗೆಗೆ ಸೇರಿಹೋಗುವುದುಂಟು. ಕಾರಣ ಸರಳವಾಗಿದೆ. ಮನುಷ್ಯರಲ್ಲಿ ಹೆಚ್ಚಿನವರು ಗುಂಪಿನ ಸಂತೋಷಕ್ಕೂ ಏಕಾಂತದ ಸಂತೋಷಕ್ಕೂ ನಡುವೆ ಎಲ್ಲಿಯೋ ನಿಂತಿರುತ್ತಾರೆ. ಕಾಗದವು ನಡುವೆ ಒಂದು ಗೆರೆ ಎಳೆದು, ಕೂದಲೆಳೆಯಷ್ಟು ಆಚೆ ಇದ್ದವನಿಗೆ ಒಂದು ಹೆಸರನ್ನೂ ಈಚೆ ಇದ್ದವನಿಗೆ ಇನ್ನೊಂದು ಹೆಸರನ್ನೂ ಕೊಡುತ್ತದೆ. ಈ ಕಾರಣದಿಂದಲೇ ಇಂದಿನ ಮನಶ್ಶಾಸ್ತ್ರಜ್ಞರಲ್ಲಿ ಬಹುಮಂದಿ ಬಗೆಗಳನ್ನು ಬಿಟ್ಟು, ಐದು ಗುಣಗಳು ಯಾರಲ್ಲಿ ಎಷ್ಟೆಷ್ಟು ಪ್ರಮಾಣದಲ್ಲಿವೆಯೆಂದು ಅಳೆಯುವ ಕ್ರಮವನ್ನು ಮೆಚ್ಚುತ್ತಾರೆ. ಅದರಲ್ಲಿ ಚೆಂದದ ಹೆಸರುಗಳಿಲ್ಲ; ಸಭೆಗಳಲ್ಲಿ ಅದಕ್ಕೆ ಅಷ್ಟು ಪ್ರಚಾರ ಬಾರದಿರುವುದಕ್ಕೆ ಇದೂ ಒಂದು ಕಾರಣವಿದ್ದೀತು.

ಸತ್ಯವೇದದ ವ್ಯಕ್ತಿಗಳಿಗೂ ಈ ಹೆಸರುಗಳನ್ನು ಅಂಟಿಸುವ ವಾಡಿಕೆಯುಂಟು. ಪೇತ್ರನು ಉಲ್ಲಾಸಿ, ಪೌಲನು ಕೋಪಿಷ್ಠ ಎಂದು ಲಹೇಯವರ ದಾರಿಯವರು ಹೇಳುತ್ತಾರೆ. ಮಾರ್ಥಳು ಸದಾ ಕೆಲಸದವಳು, ಮರಿಯಳು ಸದಾ ಧ್ಯಾನದವಳು ಎಂದು ನಾವೆಲ್ಲರೂ ಕೇಳಿದ್ದೇವೆ. ಲೂಕನ ಸುವಾರ್ತೆಯ ಹತ್ತನೆಯ ಅಧ್ಯಾಯವೊಂದನ್ನೇ ಓದಿದರೆ ಅದು ಸರಿಯೇ: ಮಾರ್ಥಳು ಅಡಿಗೆಮನೆಯ ಗಡಿಬಿಡಿಯಲ್ಲಿದ್ದಾಳೆ, ಮರಿಯಳು ಕರ್ತನ ಪಾದದ ಬಳಿ ಕುಳಿತಿದ್ದಾಳೆ. ಆದರೆ ಯೋಹಾನನ ಸುವಾರ್ತೆಯ ಹನ್ನೊಂದನೆಯ ಅಧ್ಯಾಯವನ್ನು ತೆರೆದು ನೋಡಿರಿ. ತಮ್ಮ ಲಾಜರನು ಸತ್ತು ನಾಲ್ಕು ದಿನವಾಗಿದೆ. ಕರ್ತನು ಬರುವ ಸುದ್ದಿ ಕೇಳಿ ಊರ ಹೊರಗೆ ಎದುರುಗೊಳ್ಳಲು ಹೋದವಳು ಮಾರ್ಥಳು. ಅವನೊಡನೆ ಪುನರುತ್ಥಾನದ ವಿಷಯವಾಗಿ ಮಾತನಾಡಿ, ಅವನೇ ಕ್ರಿಸ್ತನೆಂದು ಬಾಯಿಬಿಟ್ಟು ಹೇಳಿದವಳೂ ಅವಳೇ. ಮರಿಯಳು ಆಗ ಮನೆಯೊಳಗೆ ಕುಳಿತಿದ್ದಳು. ಹತ್ತನೆಯ ಅಧ್ಯಾಯದ ದಿನ ಪ್ರಶ್ನಾವಳಿಯನ್ನು ತುಂಬಿಸಿಕೊಂಡ ಮಾರ್ಗದರ್ಶಿಯು ಮಾರ್ಥಳನ್ನು ಅಡಿಗೆಮನೆಯಲ್ಲಿಯೇ ಬಿಟ್ಟುಬಿಡುತ್ತಿದ್ದನು.

ಈ ಪರೀಕ್ಷೆಗಳ ವಿಷಯದಲ್ಲಿ ಸಭೆಗಳಲ್ಲಿ ಒಮ್ಮತವಿಲ್ಲ. ಒಂಬತ್ತು ಬಗೆಗಳ ‘ಎನ್ನಿಯಾಗ್ರಾಮ್’ ಎಂಬ ಇನ್ನೊಂದು ಪದ್ಧತಿಯನ್ನು ೧೯೭೦ರ ದಶಕದಲ್ಲಿ ಅಮೆರಿಕೆಯ ಕೆಲವು ಜೆಸುಯಿಟ್ ಪಾದ್ರಿಗಳು ಆದರದಿಂದ ಬಳಕೆಗೆ ತಂದರು; ೨೦೦೩ರಲ್ಲಿ ವ್ಯಾಟಿಕನ್ನಿನಿಂದ ಹೊರಟ ಒಂದು ಲೇಖನವು ಆಧ್ಯಾತ್ಮಿಕ ಬೆಳವಣಿಗೆಗೆ ಅದನ್ನು ಬಳಸಿದರೆ ಬೋಧನೆಯಲ್ಲಿ ಗೊಂದಲವುಂಟಾದೀತೆಂದು ಎಚ್ಚರಿಸಿತು. “ನಾನು ಹುಟ್ಟು ಕೋಪಿಷ್ಠ, ಏನು ಮಾಡಲಿ” ಎಂದು ಸ್ವಭಾವವನ್ನೇ ಗುರಾಣಿಯಾಗಿ ಹಿಡಿದು ಪಶ್ಚಾತ್ತಾಪದಿಂದ ತಪ್ಪಿಸಿಕೊಳ್ಳುವವರೂ ಉಂಟು. ಅಂಥವರಿಗೆ ಈ ಕಾಗದವನ್ನು ಕೊಡುವುದು ಕಳ್ಳನಿಗೆ ಏಣಿ ಕೊಟ್ಟಂತೆ.

ದಂಪತಿಗಳ ವಿಷಯದಲ್ಲಿ ಇನ್ನಷ್ಟು ಜಾಗರೂಕತೆ ಬೇಕು. ಮಿನ್ನೆಸೋಟ ವಿಶ್ವವಿದ್ಯಾನಿಲಯದ ಡೇವಿಡ್ ಓಲ್ಸನ್ ಅವರು ಸುಮಾರು ೧೯೮೦ರಲ್ಲಿ ಸಿದ್ಧಪಡಿಸಿದ ಪ್ರಶ್ನಾವಳಿಯನ್ನು ಮದುವೆಗೆ ಮುಂಚೆ ವಧೂವರರಿಗೆ ಕೊಡುವ ರೂಢಿ ಅನೇಕ ಸಭೆಗಳಲ್ಲಿದೆ. ಇಬ್ಬರೂ ಬೇರೆ ಬೇರೆಯಾಗಿ ಉತ್ತರ ಬರೆಯುತ್ತಾರೆ. ಹಣ, ಮಾತುಕತೆ, ಜಗಳ, ಮನೆಗೆಲಸ, ನೆಂಟರಿಷ್ಟರು — ಇವುಗಳಲ್ಲಿ ಎಲ್ಲಿ ಇಬ್ಬರ ಉತ್ತರವೂ ಕೂಡುತ್ತದೆ, ಎಲ್ಲಿ ಕೂಡುವುದಿಲ್ಲವೆಂದು ಹೋಲಿಸಿ ಮಾತನಾಡಿಸುತ್ತಾರೆ. ನಮ್ಮಲ್ಲಿ ಜಾತಕಗಳನ್ನು ಹೋಲಿಸುವ ವೇಳೆಯಲ್ಲಿ ಅರ್ಧ ವೇಳೆಯನ್ನು ಈ ಮಾತುಗಳಿಗೆ ಕೊಟ್ಟರೂ ಒಳ್ಳೆಯದಿತ್ತು ಎಂದು ನಮಗೆ ಅನ್ನಿಸುವುದುಂಟು. ಆದರೆ ಮದುವೆಯಾಗಿ ವರ್ಷಗಳು ಕಳೆದ ಮನೆಯ ಸಂಗತಿ ಬೇರೆ. ಗಂಡನು ಕೈಮಾಡುತ್ತಾನೆ, ಹೆಂಡತಿ ಅದನ್ನು ಹೇಳಲಾರಳು. ಅಲ್ಲಿ ಕಾಗದವನ್ನು ಮುಂದಿಟ್ಟು, ಆತನದು ಮುನ್ನುಗ್ಗುವ ಸ್ವಭಾವ, ಈಕೆಯದು ಅಡಗಿ ನಡೆಯುವ ಸ್ವಭಾವ, ಸ್ವಲ್ಪ ಹೊಂದಿಕೊಂಡರೆ ಸರಿಹೋಗುತ್ತದೆ ಎಂದು ಹೇಳುವವನು ಮಹಾಪರಾಧ ಮಾಡಿದವನಾಗುತ್ತಾನೆ. ಏಟಿಗೆ ಸ್ವಭಾವಭೇದವೆಂಬ ಹೆಸರಿಲ್ಲ. ಅಂಥ ಸುಳಿವು ಸಿಕ್ಕೊಡನೆ ಆಕೆಯನ್ನು ಪ್ರತ್ಯೇಕವಾಗಿ ಕಂಡು, ಮೊದಲು ಆಕೆಯ ರಕ್ಷಣೆಗೆ ದಾರಿ ಹುಡುಕಿ, ವೈದ್ಯರು, ವಕೀಲರು, ಪರವಾನಗಿ ಪಡೆದ ಮನಶ್ಚಿಕಿತ್ಸಕರು ಇವರ ಬಳಿಗೆ ಆಕೆ ಹೋಗುವಂತೆ ನೆರವಾಗಬೇಕು. ಅಮೆರಿಕೆಯಲ್ಲಿ ಮನಶ್ಚಿಕಿತ್ಸಕರಿಗೆ ಸರ್ಕಾರದ ಪರವಾನಗಿ ಬೇಕು; ಕೋಚ್ ಎಂದು ಹಲಗೆ ತೂಗಹಾಕಲು ಯಾವ ಪರವಾನಗಿಯೂ ಬೇಡ. ಈ ಭೇದವನ್ನು ಬಂದವರಿಗೆ ತಾನಾಗಿ ಮೊದಲೇ ತಿಳಿಸದವನನ್ನು ನಂಬತಕ್ಕದ್ದಲ್ಲ.

ನಮ್ಮ ನಾಡಿನಿಂದ ಹೋಗಿ ಅಲ್ಲಿ ನೆಲೆಸಿ, ಅಲ್ಲಿನ ಸಭೆಗಳಿಗೆ ಸೇರಿದ ಕ್ರೈಸ್ತ ಕುಟುಂಬಗಳಿಗೆ ಇನ್ನೊಂದು ತೊಡಕುಂಟು. ನಿರ್ಧಾರಗಳನ್ನು ನೀವೊಬ್ಬರೇ ಮಾಡುತ್ತೀರೋ, ಇತರರನ್ನು ಕೇಳಿ ಮಾಡುತ್ತೀರೋ ಎಂಬಂಥ ಪ್ರಶ್ನೆಗೆ, ಅತ್ತೆ ಮಾವ ಭಾವಂದಿರ ನಡುವೆ ಬೆಳೆದ ಹೆಣ್ಣುಮಗಳು ಕೇಳಿ ಮಾಡುತ್ತೇನೆಂದೇ ಬರೆಯುತ್ತಾಳೆ. ಕಾಗದವು ಆಕೆಯನ್ನು ಧೈರ್ಯ ಸಾಲದವಳೆಂದು ಎಣಿಸೀತು. ಆಕೆ ಬರೆದದ್ದು ಮನೆತನದ ರೀತಿಯನ್ನು. ಆಕೆಯ ಎದೆಗಾರಿಕೆ ಎಷ್ಟೆಂಬುದು ಆ ಉತ್ತರದಲ್ಲಿ ಇರುವುದೇ ಇಲ್ಲ.

ಕಡೆಯದಾಗಿ, ತುಂಬಿದ ಕಾಗದ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆ. ಕಥೋಲಿಕ ಪಾದ್ರಿಯು ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ಹೊರಗೆಡಹುವಂತಿಲ್ಲ. ಮಾರ್ಗದರ್ಶಿಗೆ ಅಂಥ ಮುದ್ರೆಯಿಲ್ಲ. ಇರುವುದು ಅವನು ಕೊಟ್ಟ ಮಾತು, ಅವನ ಒಕ್ಕೂಟದ ನಿಯಮ ಇಷ್ಟೇ. ಕೆಲವೆಡೆ ಅವನ ಸಂಬಳವನ್ನು ಸಭೆಯೇ ಕೊಡುತ್ತದೆ. ಭಾನುವಾರದ ಶಾಲೆಯ ವಿಷಯ ಹೇಳಿಕೊಂಡ ಆ ಗೃಹಿಣಿಯ ಕಾಗದವು ಹಿರಿಯರ ಮೇಜಿನ ಮೇಲೆ ಕಾಣಿಸಿಕೊಂಡಿತೆಂದರೆ ಆಕೆ ಇನ್ನು ಜನ್ಮದಲ್ಲಿ ಯಾರ ಮುಂದೆಯೂ ಬಾಯಿ ತೆರೆಯಲಾರಳು. ಆದಕಾರಣ ಕಾಗದವನ್ನು ಯಾರು ಓದುತ್ತಾರೆ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ, ಹಣ ಕೊಟ್ಟವರಿಗೆ ಏನನ್ನು ತಿಳಿಸುತ್ತಾರೆ ಎಂಬುದನ್ನು ಪ್ರಶ್ನೆಗಳಿಗೆ ಉತ್ತರ ಬರೆಯುವ ಮುಂಚೆಯೇ ಬರವಣಿಗೆಯಲ್ಲಿ ಪಡೆಯಬೇಕು. ಉತ್ತರ ಬರೆಯದೆಯೂ ಮಾರ್ಗದರ್ಶನ ಪಡೆಯಬಹುದೆ ಎಂದು ಕೇಳಲೂಬೇಕು. ಬರೆಯಲೇಬೇಕೆಂದು ಹಟ ಹಿಡಿಯುವವನಿಗೆ ಕಾಗದವಿಲ್ಲದೆ ಮಾತನಾಡಿಸುವ ವಿದ್ಯೆ ಬಾರದೆಂದೇ ತಿಳಿಯಬೇಕು.

ಆ ವಿದ್ಯೆಯನ್ನು ಬಲ್ಲವರು ಹಿಂದೆ ಇದ್ದರು. ಇಂಗ್ಲೆಂಡಿನ ಕಿಡರ್‌ಮಿನ್‌ಸ್ಟರ್ ಎಂಬ ಊರಿನಲ್ಲಿ ಸಭಾಪಾಲಕರಾಗಿದ್ದ ರಿಚರ್ಡ್ ಬ್ಯಾಕ್ಸ್‌ಟರ್ ಅವರು ೧೬೫೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ತಮ್ಮ ಕ್ರಮವನ್ನು ತಿಳಿಸಿದ್ದಾರೆ. ಅವರ ಸಭೆಯಲ್ಲಿ ಸುಮಾರು ೮೦೦ ಕುಟುಂಬಗಳಿದ್ದವು. ಪ್ರತಿ ಸೋಮವಾರ, ಮಂಗಳವಾರ ಬೆಳಗಿನಿಂದ ಇರುಳಿನವರೆಗೆ ಅವರೂ ಅವರ ಸಹಾಯಕರೂ ವಾರಕ್ಕೆ ಹದಿನೈದು ಹದಿನಾರು ಕುಟುಂಬಗಳಂತೆ ಮಾತನಾಡಿಸುತ್ತ, ವರ್ಷದೊಳಗೆ ಇಡೀ ಊರನ್ನು ಮುಗಿಸುತ್ತಿದ್ದರು. ಉಳಿದವರ ಕಿವಿಗೆ ಬೀಳದಂತೆ ಒಬ್ಬೊಬ್ಬರನ್ನೇ ಬೇರೆಯಾಗಿ ಕರೆದು ಮಾತನಾಡಿಸಬೇಕೆಂದು ಅವರು ಪಾಲಕರಿಗೆ ಹೇಳಿದ್ದರು. ಮನೆಯವರ ಎದುರಿನಲ್ಲಿ ಕೆಲವರಿಗೆ ಬಾಯಿ ಬಾರದೆಂಬುದನ್ನು ಅವರು ಕಂಡಿದ್ದರು.